ನಾರ್ವೆಯ ಭಾಷೆ: ತರಗತಿಯಲ್ಲಿ ಕಲಿಯುವುದು ಒಂದು, ಬೀದಿಯಲ್ಲಿ ಕೇಳುವುದು ಇನ್ನೊಂದು

ಭಾರತ ಮತ್ತು ಎಫ್ಟಾ ಕೂಟದ ನಾಲ್ಕು ದೇಶಗಳ ನಡುವಿನ ವ್ಯಾಪಾರ ಒಪ್ಪಂದಕ್ಕೆ 2024ರ ಮಾರ್ಚ್ 10ರಂದು ಸಹಿ ಬಿತ್ತು. 2025ರ ಅಕ್ಟೋಬರ್ 1ರಂದು ಅದು ಜಾರಿಗೆ ಬಂತು. ಆ ನಾಲ್ಕರಲ್ಲಿ ಒಂದು ದೇಶ ನಾರ್ವೆ. ನರ್ಸಿಂಗ್, ಲೆಕ್ಕಪರಿಶೋಧನೆ ಮುಂತಾದ ವೃತ್ತಿಗಳ ಅರ್ಹತೆಯನ್ನು ಪರಸ್ಪರ ಮಾನ್ಯ ಮಾಡಿಕೊಳ್ಳಲು ಒಪ್ಪಂದದಲ್ಲಿ ದಾರಿ ಇಟ್ಟಿದ್ದಾರೆ. ದಾರಿ ಇಟ್ಟಿದ್ದಾರೆ ಅಷ್ಟೆ, ಬಾಗಿಲು ಇನ್ನೂ ತೆರೆದಿಲ್ಲ. ಆದರೆ ನಮ್ಮ ಕಡೆ ಸುದ್ದಿ ಹಬ್ಬಲು ಅಷ್ಟು ಸಾಕು. ಕೇರಳ ಸರಕಾರದ ನೋರ್ಕಾ ರೂಟ್ಸ್ 2021ರ ಡಿಸೆಂಬರಿನಲ್ಲಿ ಜರ್ಮನಿಯೊಂದಿಗೆ ನರ್ಸುಗಳ ನೇಮಕದ ಒಪ್ಪಂದ ಮಾಡಿಕೊಂಡ ಮೇಲೆ ಪೇಟೆ ಪೇಟೆಗಳಲ್ಲಿ ಜರ್ಮನ್ ಕಲಿಸುವ ಬೋರ್ಡುಗಳು ಎದ್ದದ್ದನ್ನು ಕಾಸರಗೋಡಿನ ಜನ ನೋಡಿದ್ದಾರೆ. ಈಗ ನರ್ಸಿಂಗ್ ಮುಗಿಸಿದ ನೆಂಟರ ಹುಡುಗಿಯೊಬ್ಬಳು ನನ್ನನ್ನೂ ಕೇಳಿದಳು, ‘ಮಾವ, ನಾರ್ವೆ ಭಾಷೆ ಕಲಿಯಲಿಕ್ಕೆ ಕಷ್ಟವಾ?’

ಕಲಿಯಲಿಕ್ಕೆ ಕಷ್ಟವಿಲ್ಲ, ಕೇಳಿಸಿಕೊಳ್ಳಲಿಕ್ಕೆ ಕಷ್ಟ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಆ ಮಾತನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಸುಲಭದ ಭಾಗ. ನಮ್ಮ ಕ್ರಿಯಾಪದ ಆಳಿಗೊಂದು ರೂಪ ತಾಳುತ್ತದೆ: ಹೋಗುತ್ತೇನೆ, ಹೋಗುತ್ತಾನೆ, ಹೋಗುತ್ತಾಳೆ, ಹೋಗುತ್ತಾರೆ. ನಾರ್ವೆಯವರಿಗೆ ಎಲ್ಲದಕ್ಕೂ ‘ಗೋರ್’ ಒಂದೇ ಸಾಕು. ನಾನಾದರೂ ಗೋರ್, ಊರೆಲ್ಲ ಸೇರಿದರೂ ಗೋರ್. ಲಿಂಗ ಮೂರು. ಕನ್ನಡದಲ್ಲಿ ಅರ್ಥ ನೋಡಿ ಲಿಂಗ ಹೇಳಬಹುದು, ಅಲ್ಲಿ ಹಾಗಾಗುವುದಿಲ್ಲ. ಕಾರು ಪುಲ್ಲಿಂಗ, ಪುಸ್ತಕ ಸ್ತ್ರೀಲಿಂಗ, ಮಾಡು ನಪುಂಸಕ. ಮಗು ಮಾತ್ರ ನಮ್ಮಂತೆ ಅವರಲ್ಲೂ ನಪುಂಸಕಲಿಂಗವೇ. ಇಂಗ್ಲಿಷಿನ ‘ದಿ’ ಎಂಬುದನ್ನು ಅವರು ಪದದ ಹಿಂದೆ ಅಂಟಿಸುತ್ತಾರೆ: ‘ಬೀಲ್’ ಎಂದರೆ ಕಾರು, ‘ಬೀಲೆನ್’ ಎಂದರೆ ಆ ಕಾರು. ಇಂಗ್ಲಿಷ್ ಮಾತ್ರ ಬಲ್ಲವನು ಇಲ್ಲಿ ತಡವರಿಸುತ್ತಾನೆ. ಪದದ ಬಾಲಕ್ಕೆ ಪ್ರತ್ಯಯ ಹಚ್ಚಿಯೇ ಬೆಳೆದ ನಮಗೆ ಇದೇನು ದೊಡ್ಡದು?

ಪದಗಳಲ್ಲಿ ಸಮಾಸವೇ ಜಾಸ್ತಿ. ಆಸ್ಪತ್ರೆಗೆ ‘ಕಾಯಿಲೆಮನೆ’, ಫ್ರಿಡ್ಜಿಗೆ ‘ತಂಪುಕಪಾಟು’, ಧೂಳು ತೆಗೆಯುವ ಯಂತ್ರಕ್ಕೆ ‘ಧೂಳುಹೀರುಕ’. ಹೀಗೆ ಬಿಡಿಸಿ ನೋಡುವ ಅಭ್ಯಾಸವಾದರೆ ಪದಕೋಶ ಬೇಗ ಬೆಳೆಯುತ್ತದೆ. ಕಾಯಿಲೆಗೆ ಅವರ ಮಾತು ‘ಸೀಕ್’. ಕಾಯಿಲೆ ಬಿದ್ದವನನ್ನು ‘ಸೀಕಿನವ’ ಎನ್ನುವ ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ತುಟಿ ಗುಂಡಗೆ ಮಾಡಿ ‘ಈ’ಕಾರ ಹೇಳಿದರಾಯಿತು.

ಉಚ್ಚಾರಣೆಯಲ್ಲಿ ಕನ್ನಡ, ತುಳು, ಮಲಯಾಳ ಆಡುವವರಿಗೆ ಸಿಗುವ ಅನುಕೂಲವನ್ನು ಅಲ್ಲಿಯ ಪಠ್ಯಪುಸ್ತಕಗಳಲ್ಲಿ ಹುಡುಕಬೇಡಿ. ಓಸ್ಲೋ ಕಡೆಯ ಮಾತಿನಲ್ಲಿ ‘ರ’ಕಾರದ ಮುಂದೆ ತ, ನ, ಲ, ಸ ಬಂದರೆ ಎರಡೂ ಕೂಡಿ ಟ, ಣ, ಳ, ಷ ಆಗುತ್ತವೆ. ಬರೆಯುವುದು ‘ಬಾರ್ನ್’, ಓದುವುದು ‘ಬಾಣ್’. ಅರ್ಥ ಮಗು. ‘ಫಾರ್ಲಿಗ್’ ಎಂದು ಬರೆದದ್ದು ‘ಫಾಳಿ’ ಆಗುತ್ತದೆ, ಅರ್ಥ ಅಪಾಯಕಾರಿ. ಭಾಷೆಯ ಹೆಸರಾದ ‘ನೊರ್ಸ್ಕ್’ ಕೂಡ ಬಾಯಲ್ಲಿ ‘ನೊಷ್ಕ್’. ಯುರೋಪಿನ ಇತರ ಕಡೆಗಳಿಂದ ಬಂದವರು ನಾಲಗೆ ಮಡಚಲು ತಿಂಗಳುಗಟ್ಟಲೆ ಒದ್ದಾಡುವ ಈ ಅಕ್ಷರಗಳನ್ನು ನಾವು ಒಂದನೇ ತರಗತಿಯಲ್ಲೇ ತಿದ್ದಿದ್ದೇವೆ. ಹ್ರಸ್ವ, ದೀರ್ಘ, ಒತ್ತಕ್ಷರಗಳೂ ಹಾಗೆಯೇ. ‘ತಾಕ್’ ಎಂದರೆ ಮಾಡು, ‘ತಕ್ಕ್’ ಎಂದರೆ ಧನ್ಯವಾದ.

ನಮ್ಮನ್ನು ಕಾಡುವುದು ವಾಕ್ಯದ ಕ್ರಮ. ಕನ್ನಡದಲ್ಲಿ ಕ್ರಿಯಾಪದ ಕೊನೆಯಲ್ಲಿ ಕೂರುತ್ತದೆ. ನಾರ್ವೆ ಭಾಷೆಯ ಸಾಮಾನ್ಯ ವಾಕ್ಯದಲ್ಲಿ ಅದಕ್ಕೆ ಎರಡನೆಯ ಕುರ್ಚಿ ಕಾಯಂ. ‘ನಾಳೆ’ ಎಂದು ಶುರು ಮಾಡಿದರೆ ‘ನಾಳೆ ಬರುತ್ತೇನೆ ನಾನು’ ಎಂದೇ ಹೇಳಬೇಕು, ‘ನಾಳೆ ನಾನು ಬರುತ್ತೇನೆ’ ಎಂದರೆ ತಪ್ಪು. ‘ಏಕೆಂದರೆ’ ಎಂದು ಶುರುವಾಗುವ ಉಪವಾಕ್ಯದಲ್ಲಿ ‘ಇಲ್ಲ’ ಎಂಬ ಪದ ಕ್ರಿಯಾಪದದ ಹಿಂದಿನಿಂದ ಮುಂದಕ್ಕೆ ಜಿಗಿಯುತ್ತದೆ. ನಿಯಮವನ್ನು ಅರ್ಧ ಗಂಟೆಯಲ್ಲಿ ತಿಳಿದುಕೊಳ್ಳಬಹುದು, ನಾಲಗೆಗೆ ಹತ್ತಲು ವರ್ಷ ಬೇಕು. ಇದರ ಮೇಲೆ ಸ್ವರದ ಏರಿಳಿತ ಬೇರೆ. ರೈತರು ಎಂಬ ಪದಕ್ಕೂ ಅವರೆಯಂತಹ ಕಾಳಿನ ಪದಕ್ಕೂ ಓಸ್ಲೋದಲ್ಲಿ ಅಕ್ಷರಗಳ ಉಚ್ಚಾರ ಒಂದೇ, ರಾಗ ಮಾತ್ರ ಬೇರೆ. ರಾಗ ತಪ್ಪಿದರೂ ಸಂದರ್ಭ ನೋಡಿ ಜನ ಅರ್ಥ ಮಾಡಿಕೊಳ್ಳುತ್ತಾರೆ ಎನ್ನಿ.

ಇಷ್ಟನ್ನೂ ಕಲಿತು ಕೆಲಸಕ್ಕೆಂದು ಬರ್ಗೆನ್ನಿಗೋ ಟ್ರೊಂಡ್‌ಹೈಮಿಗೋ ಹೋದವರಿಗೆ ಆಗುವ ಅನುಭವವೇ ಬೇರೆ. ತರಗತಿಯಲ್ಲಿ ‘ನಾನು’ ಎಂಬುದಕ್ಕೆ ‘ಯೈ’ ಎಂದು ಕಲಿತಿರುತ್ತಾರೆ. ಪಶ್ಚಿಮದಲ್ಲಿ ಅದು ‘ಏಗ್’. ಟ್ರೊಂಡ್‌ಹೈಮಿನಲ್ಲೂ ಉತ್ತರದ ಬಹುಭಾಗದಲ್ಲೂ ‘ಆ್ಯ’. ಇನ್ನು ಕೆಲವೆಡೆ ಬರೇ ‘ಈ’. ‘ಏನು’ ಎಂಬುದು ಒಂದು ಕಡೆ ‘ವಾ’, ಒಂದು ಕಡೆ ‘ಕ್ವಾ’, ಮತ್ತೊಂದು ಕಡೆ ‘ಕಾ’. ‘ಇಲ್ಲ’ ಎಂಬುದಕ್ಕೆ ಕಲಿತ ‘ಇಕ್ಕೆ’ ಟ್ರೊಂಡ್‌ಹೈಮಿನ ಕಡೆ ‘ಇಚ್’ ಎಂದಷ್ಟೇ ಕೇಳಿ ಮಾಯವಾಗುತ್ತದೆ. ಬರ್ಗೆನ್, ಸ್ತವಾಂಗೆರ್ ನಗರಗಳಲ್ಲಿ ‘ರ’ಕಾರವನ್ನು ಗಂಟಲಲ್ಲಿ ಹೇಳುವುದರಿಂದ ಮೇಲೆ ಹೇಳಿದ ಟ, ಣ, ಳ, ಷಗಳೂ ಇಲ್ಲ. ನಮಗೆ ಸಿಕ್ಕಿದ್ದ ಒಂದು ಅನುಕೂಲವೂ ಅಲ್ಲಿ ಕೈಬಿಟ್ಟು ಹೋಗುತ್ತದೆ.

ಬದಿಯಡ್ಕದಿಂದ ಕಾಸರಗೋಡಿಗೆ ಹೋಗುವ ಬಸ್ಸಿನಲ್ಲಿ ಹತ್ತು ನಿಮಿಷ ಕುಳಿತವರಿಗೆ ಇದು ಹೊಸತಲ್ಲ. ಹವ್ಯಕರ ‘ಆನು’, ತುಳುವರ ‘ಯಾನ್’, ಮಲಯಾಳದ ‘ಞಾನ್’, ಶಾಲೆಯ ‘ನಾನು’ ಎಲ್ಲವೂ ಒಂದೇ ಸೀಟಿನಲ್ಲಿ ಕೇಳುತ್ತವೆ. ಆದರೆ ಇಲ್ಲಿ ಮೇಷ್ಟ್ರು, ಅಧಿಕಾರಿ, ರೇಡಿಯೋದವರು ಹೆಚ್ಚಾಗಿ ಪುಸ್ತಕದ ಭಾಷೆಗೆ ತಿರುಗುತ್ತಾರೆ. ನಾರ್ವೆಯಲ್ಲಿ ತಿರುಗುವುದಿಲ್ಲ. ಆಡುಮಾತಿಗೆ ಇದೇ ಶುದ್ಧ ರೂಪ ಎಂದು ಅಲ್ಲಿ ಯಾರೂ ಅಧಿಕೃತವಾಗಿ ನಿಗದಿ ಮಾಡಿಲ್ಲ. ಮಂತ್ರಿ ಸಂಸತ್ತಿನಲ್ಲಿ ತನ್ನ ಊರಿನ ಮಾತಿನಲ್ಲೇ ಮಾತಾಡುತ್ತಾನೆ, ವೈದ್ಯ ರೋಗಿಯೊಂದಿಗೆ ತನ್ನ ಊರಿನ ಮಾತಿನಲ್ಲೇ ಮಾತಾಡುತ್ತಾನೆ.

ಇದಕ್ಕೆ ಇತಿಹಾಸವಿದೆ. ನಾರ್ವೆ ಸುಮಾರು 400 ವರ್ಷ ಡೆನ್ಮಾರ್ಕಿನ ಕೈಯಲ್ಲಿತ್ತು. 1814ರಲ್ಲಿ ಆ ನಂಟು ಕಡಿದಾಗ ಬರವಣಿಗೆಯ ಭಾಷೆ ಡೇನಿಷ್ ಆಗಿಯೇ ಉಳಿದಿತ್ತು. ಈವರ್ ಓಸೆನ್ ಎಂಬ ರೈತನ ಮಗ 1840ರ ದಶಕದಲ್ಲಿ ಊರೂರು ಸುತ್ತಿ ಹಳ್ಳಿಗರ ಮಾತು ಸಂಗ್ರಹಿಸಿದ. 1848ರಲ್ಲಿ ವ್ಯಾಕರಣ, 1850ರಲ್ಲಿ ನಿಘಂಟು ತಂದ. ಅದರಿಂದ ಬೆಳೆದದ್ದು ಇಂದಿನ ‘ನ್ಯೂನೊಷ್ಕ್’. ಡೇನಿಷನ್ನೇ ತಿದ್ದಿ ನಾರ್ವೆಯದಾಗಿಸಿಕೊಂಡದ್ದು ‘ಬೂಕ್‌ಮೋಲ್’, ಎಂದರೆ ಪುಸ್ತಕದ ಭಾಷೆ. 1885ರಲ್ಲಿ ಸಂಸತ್ತು ಎರಡಕ್ಕೂ ಸಮಾನ ಸ್ಥಾನ ಕೊಟ್ಟಿತು. ಇಂದು ಬಹುಪಾಲು ಜನ ಬರೆಯುವುದು ಬೂಕ್‌ಮೋಲ್, ಪರದೇಶಿಗಳಿಗೆ ಹೆಚ್ಚಾಗಿ ಕಲಿಸುವುದೂ ಅದನ್ನೇ. ಆದರೆ 2023ರಲ್ಲಿ ಸಾಹಿತ್ಯದ ನೊಬೆಲ್ ಪಡೆದ ಯೂನ್ ಫೊಸ್ಸೆ ಬರೆಯುವುದು ನ್ಯೂನೊಷ್ಕ್‌ನಲ್ಲಿ. ಸರಕಾರಿ ಇಲಾಖೆಗೆ ಪ್ರಜೆ ಯಾವ ರೂಪದಲ್ಲಿ ಬರೆಯುತ್ತಾನೋ ಅದೇ ರೂಪದಲ್ಲಿ ಉತ್ತರ ಬರಬೇಕು. ಕನ್ನಡದಲ್ಲಿ ಕೊಟ್ಟ ಅರ್ಜಿಗೆ ಮಲಯಾಳದಲ್ಲಿ ಉತ್ತರ ಪಡೆದ ನನ್ನಂಥವರಿಗೆ ಇದನ್ನು ಓದುವಾಗ ಹೊಟ್ಟೆಕಿಚ್ಚಾಗುವುದು ಸಹಜ.

ಆದರೆ ಪೂರ್ತಿ ಮರುಳಾಗಬೇಕಿಲ್ಲ. ಮಕ್ಕಳ ಆಡುಮಾತಿನಲ್ಲೇ ಸಾಧ್ಯವಾದಷ್ಟು ಪಾಠ ಮಾಡಬೇಕು ಎಂದು ನಾರ್ವೆಯ ಸಂಸತ್ತು 1878ರಲ್ಲಿ ನಿರ್ಣಯಿಸಿತು. ಬರೇ ಎರಡು ವರ್ಷಗಳ ನಂತರ, 1880ರಲ್ಲಿ, ಉತ್ತರದ ಸಾಮಿ ಮತ್ತು ಕ್ವೆನ್ ಮಕ್ಕಳೆಲ್ಲ ನಾರ್ವೆ ಭಾಷೆಯನ್ನು ಆಡಲು, ಓದಲು, ಬರೆಯಲು ಕಲಿಯಲೇಬೇಕು ಎಂಬ ಆದೇಶ ಶಾಲೆಗಳಿಗೆ ಹೋಯಿತು. 1902ರ ಕಾನೂನು ಬಂದ ಮೇಲೆ ಫಿನ್‌ಮಾರ್ಕ್ ಜಿಲ್ಲೆಯಲ್ಲಿ ಸರಕಾರಿ ಜಮೀನು ಕೊಳ್ಳಲು ನಾರ್ವೆ ಭಾಷೆ ಬರುವುದು ಷರತ್ತಾಯಿತು. ತನ್ನವರ ಹಳ್ಳಿಮಾತಿಗೆ ಗೌರವ, ಬೇರೆಯವರ ತಾಯ್ನುಡಿಗೆ ಬೆತ್ತ! ಈ ಬಗ್ಗೆ ನೇಮಿಸಿದ ಸತ್ಯ ಮತ್ತು ಸಾಮರಸ್ಯ ಆಯೋಗ 2023ರ ಜೂನಿನಲ್ಲಿ ವರದಿ ಕೊಟ್ಟಿತು. 2024ರ ನವೆಂಬರಿನಲ್ಲಿ ಸಂಸತ್ತು ಕ್ಷಮೆ ಕೇಳಿತು. 2022ರ ಜನವರಿ 1ರಿಂದ ಜಾರಿಯಲ್ಲಿರುವ ಭಾಷಾ ಕಾನೂನು ಸಾಮಿ ಭಾಷೆಗಳನ್ನು ನಾರ್ವೆ ಭಾಷೆಗೆ ಸಮಾನವೆಂದು ಒಪ್ಪುತ್ತದೆ.

ಈಗಿನ ವಲಸಿಗರ ಮೇಲಿರುವುದು ಬೆತ್ತವಲ್ಲ, ಪರೀಕ್ಷೆ. ಮಟ್ಟಗಳನ್ನು ಎ1ರಿಂದ ಮೇಲಕ್ಕೆ ಎ2, ಬಿ1, ಬಿ2 ಎಂದು ಅಳೆಯುತ್ತಾರೆ. ಪೌರತ್ವ ಬೇಕಾದರೆ ಮಾತಿನ ಪರೀಕ್ಷೆಯಲ್ಲಿ ಎ2 ಸಾಕಿತ್ತು. 2022ರ ಅಕ್ಟೋಬರ್ 1ರಿಂದ ಅದನ್ನು ಬಿ1ಕ್ಕೆ ಏರಿಸಿದರು. ಅಂಗಡಿಯಲ್ಲಿ ಸಾಮಾನು ಕೇಳುವಷ್ಟು ಬಂದರೆ ಸಾಲದು, ತನ್ನ ಅಭಿಪ್ರಾಯ ಹೇಳಿ ಅದಕ್ಕೆ ಕಾರಣ ಕೊಡುವಷ್ಟು ಬರಬೇಕು ಎಂದರ್ಥ. ಆಶ್ರಯ ಪಡೆದ ನಿರಾಶ್ರಿತರಿಗೆ ಕಲಿಕೆ ಉಚಿತ. 2021ರಲ್ಲಿ ಬಂದ ಕಾನೂನು ಅವರಿಗೆ ಇಷ್ಟು ಗಂಟೆ ಕುಳಿತರೆ ಸಾಕು ಎನ್ನುವ ಬದಲು ಇಂತಿಷ್ಟು ಮಟ್ಟ ಮುಟ್ಟಬೇಕು ಎಂಬ ಗುರಿ ಇಟ್ಟಿತು. ಭಾರತದಂತಹ ದೇಶದಿಂದ ಕೆಲಸಕ್ಕೆ ಹೋದವರಿಗೆ ಮಾತ್ರ ಫೀಸು ಸ್ವಂತ ಕಿಸೆಯಿಂದ. ಬೆಂಗಳೂರಿನಿಂದ ಹೋದ ಸಾಫ್ಟ್‌ವೇರ್ ಹುಡುಗರಿಗೆ ಇದರ ಬಿಸಿ ಬೇಗ ತಟ್ಟುವುದಿಲ್ಲ, ಏಕೆಂದರೆ ಅವರ ಕಚೇರಿ ಕೆಲಸ ಹೆಚ್ಚಾಗಿ ಇಂಗ್ಲಿಷಿನಲ್ಲೇ ನಡೆಯುತ್ತದೆ. ತಡವರಿಸುತ್ತ ನಾರ್ವೆ ಭಾಷೆಯಲ್ಲಿ ಕೇಳಿದರೂ ಎದುರಿನವರು ಸರಾಗ ಇಂಗ್ಲಿಷಿನಲ್ಲಿ ಉತ್ತರಿಸುತ್ತಾರೆ. ಸೌಜನ್ಯವೇ ಅದು, ಆದರೆ ಕಲಿಯುವವನಿಗೆ ಅದರಿಂದ ನಷ್ಟ.

ನರ್ಸ್ ಆಗುವವರಿಗೆ ಈ ತಪ್ಪಿಸಿಕೊಳ್ಳುವ ದಾರಿ ಇಲ್ಲ. ಯುರೋಪಿನ ಹೊರಗೆ ಓದಿದವರು ವೃತ್ತಿಯ ಪರವಾನಿಗೆ ಪಡೆಯಲು ಬಿ2 ಮಟ್ಟದ ಭಾಷೆ ಬೇಕು. ಅಲ್ಲಿಯ ಆರೋಗ್ಯ ವ್ಯವಸ್ಥೆಯ ಬಗ್ಗೆ, ಔಷಧ ಕೊಡುವ ಕ್ರಮದ ಬಗ್ಗೆ ಬೇರೆ ಕೋರ್ಸುಗಳೂ ಇವೆ. ಅದೆಲ್ಲ ಮುಗಿಸಿ ವೃದ್ಧಾಶ್ರಮದ ಹಾಸಿಗೆ ಪಕ್ಕ ನಿಂತಾಗ ಎದುರಿಗಿರುವುದು 85 ವರ್ಷದ ಅಜ್ಜಿ. ಆಕೆಗೆ ಬರುವುದು ತನ್ನ ಕಣಿವೆಯ ಮಾತು. ಮರೆವಿನ ಕಾಯಿಲೆಯಿದ್ದರೆ ಕಲಿತ ಇಂಗ್ಲಿಷೂ ಮರೆತಿರಬಹುದು. ಅಂಕೆ ಹೇಳುವ ಕ್ರಮವನ್ನೇ ನೋಡಿ. ಮೊದಲು ಅವರು 25ನ್ನು ‘ಐದು ಮತ್ತು ಇಪ್ಪತ್ತು’ ಎನ್ನುತ್ತಿದ್ದರು. ಟೆಲಿಫೋನ್ ನಂಬರು ಹೇಳುವಾಗ ಗೊಂದಲವಾಗುತ್ತದೆಂದು 1951ರಲ್ಲಿ ಸಂಸತ್ತೇ ‘ಇಪ್ಪತ್ತೈದು’ ಎಂಬ ಕ್ರಮಕ್ಕೆ ಬದಲಾಯಿಸಿತು. ತರಗತಿಯಲ್ಲಿ ಕಲಿಸುವುದು ಹೊಸದನ್ನು, ಮುದುಕರಲ್ಲಿ ಅನೇಕರ ಬಾಯಲ್ಲಿರುವುದು ಹಳೆಯದು. ‘ಐದು ಮತ್ತು ಇಪ್ಪತ್ತು’ ಎಂದು ಕೇಳಿದ ಹೊಸಬಳು ಅವಸರದಲ್ಲಿ 52 ಎಂದು ಬರೆದರೆ?

ಊರ ಮಾತನ್ನು ನಾಚಿಕೆಯಿಲ್ಲದೆ ಎಲ್ಲ ಕಡೆ ಆಡುವ ನಾರ್ವೆಯವರ ಹಕ್ಕು ದೊಡ್ಡದು. ಹವ್ಯಕವನ್ನೋ ತುಳುವನ್ನೋ ಕಚೇರಿಯ ಮೆಟ್ಟಿಲ ಕೆಳಗೆ ಬಿಟ್ಟು ಹೋಗುವ ನಾವು ಅದನ್ನು ಕಡಿಮೆ ಎಣಿಸಬಾರದು. ಆದರೆ ಆ ಹಕ್ಕಿನ ಖರ್ಚನ್ನು ಹೊರುವವನು ಹೊರಗಿನಿಂದ ಬಂದವನು. ಕಲಿಸುವುದು ಹೆಚ್ಚಾಗಿ ಒಂದೇ ರೂಪ, ಕೆಲಸ ಕೇಳುವುದು ಹತ್ತು ರೂಪ. ಪರೀಕ್ಷೆಯ ಮಟ್ಟ ಏರಿಸಿದ ಸರಕಾರ, ಆಯಾ ಊರಿನ ಮಾತನ್ನು ಕಿವಿಗೆ ಹತ್ತಿಸುವ ಕೆಲಸವನ್ನೂ ತರಗತಿಯೊಳಗೇ ಮಾಡಿಸಬೇಕಿತ್ತು. ಈಗ ಅದು ಕಲಿಯುವವನ ಅದೃಷ್ಟಕ್ಕೆ ಬಿಟ್ಟ ವಿಷಯ. ಒಳ್ಳೆಯ ನೆರೆಮನೆ ಸಿಕ್ಕಿದವನು ಗೆದ್ದ.

ನೆಂಟರ ಹುಡುಗಿಗೆ ಕೊನೆಗೆ ಹೇಳಿದ್ದು ಇಷ್ಟು. ವೃತ್ತಿಮಾನ್ಯತೆಯ ಒಪ್ಪಂದ ಆಗುವ ಮೊದಲೇ ‘ಮೂರು ತಿಂಗಳಲ್ಲಿ ನಾರ್ವೆ’ ಎಂದು ಬೋರ್ಡು ಹಾಕುವವರಿಗೆ ದುಡ್ಡು ಕಟ್ಟಬೇಡ. ಟ್ರೊಂಡ್‌ಹೈಮಿನ ವಿಶ್ವವಿದ್ಯಾಲಯವೇ ಆರಂಭದ ಪಾಠಗಳನ್ನು ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಇಟ್ಟಿದೆ, ಅದರಿಂದ ಶುರು ಮಾಡು. ವ್ಯಾಕರಣದ ಜತೆಗೇ ಎನ್‌ಆರ್‌ಕೆ ಎಂಬ ಅವರ ಸಾರ್ವಜನಿಕ ರೇಡಿಯೋವನ್ನು ಮೊದಲ ವಾರದಿಂದಲೇ ಕೇಳು. ಅಲ್ಲಿ ಊರೂರಿನ ಮಾತೂ ಬರುತ್ತದೆ, ಅರ್ಥವಾಗದಿದ್ದರೂ ಕಿವಿ ಪಳಗುತ್ತದೆ. ಡಾಕ್ಟರನ್ನೂ ಮೇಲಧಿಕಾರಿಯನ್ನೂ ‘ನೀನು’ ಎಂದೇ ಕರೆಯಬೇಕು, ಹೆಸರು ಹಿಡಿದೇ ಮಾತಾಡಿಸಬೇಕು, ಅದಕ್ಕೂ ಮನಸ್ಸು ಗಟ್ಟಿ ಮಾಡಿಕೋ ಎಂದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡು, ‘ಡಾಕ್ಟರನ್ನು ನೀನು ಎನ್ನುವುದೇ ಎಲ್ಲಕ್ಕಿಂತ ಕಷ್ಟ ಮಾವ’ ಎಂದಳು.