ಕೂಲರ್ ಮುಟ್ಟಿದರೆ ಕೈ ಝುಮ್ಮೆನ್ನುತ್ತದೆಯೇ?



ಶಿವರಾತ್ರಿ ಮುಗಿಯಿತೆಂದರೆ ನಮ್ಮ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಕಡೆಯ ಹೆಂಗಸರಿಗೆ ಒಂದು ಕೆಲಸ ಹೆಚ್ಚಾಯಿತೆಂದೇ ಅರ್ಥ. ಗೋಣಿಚೀಲ ಹೊದ್ದು ಮೂಲೆಯಲ್ಲಿ ಮಲಗಿದ್ದ ಕೂಲರನ್ನು ಎಬ್ಬಿಸಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 42, 43 ಡಿಗ್ರಿ ಮುಟ್ಟುವ ಸೀಮೆ ನಮ್ಮದು. ಆ ಎರಡು ತಿಂಗಳು ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುವ ಪದ್ಧತಿ ಇದೆ. ನಮ್ಮ ಒಲೆಗೆ ಮಾತ್ರ ಆ ರಿಯಾಯಿತಿ ಇಲ್ಲ ನೋಡಿ! ರೊಟ್ಟಿ ಬಡಿದು, ಬೆವರೊರೆಸಿಕೊಂಡು ಬಂದವಳು ಕೂಲರಿನ ಮುಂದೆ ಹತ್ತು ನಿಮಿಷ ಕೂತರೆ ಹೋದ ಜೀವ ಬಂದಂತಾಗುತ್ತದೆ.

ಅದೇ ಕೂಲರ್ ಜೀವ ತೆಗೆಯಲೂಬಹುದು. ಈ ಸಲ ಆ ಮಾತನ್ನೇ ಹೇಳಬೇಕೆಂದು ಕೂತಿದ್ದೇನೆ.

ಕೆಲವು ವರ್ಷಗಳ ಹಿಂದೆ ಕೋಡ್ಲಾದ ನಮ್ಮ ಮನೆಯಲ್ಲೇ ನಡೆದದ್ದು. "ಅಕ್ಕಾ, ಕೂಲರ್ ಮುಟ್ಟಿದ್ರ ಕೈ ಝುಮ್ ಅನ್ಲಕತ್ತದ" ಎಂದಳು ನನ್ನ ನೆಗೆಣ್ಣಿ. "ಹಳೇದದ ಅವ್ವಾ, ಹಂಗೇ ಇರ್ತದ. ಚಪ್ಪಲ್ ಹಾಕ್ಕೊಂಡು ಮುಟ್ಟು" ಎಂದರು ಅತ್ತೆಯವರು. ನಾನೂ ಸುಮ್ಮನಾದೆ. ಎಂಟು ದಿನ ಮನೆಮಂದಿಯೆಲ್ಲ ಚಪ್ಪಲಿ ಹಾಕಿಕೊಂಡೇ ಕೂಲರಿಗೆ ನೀರು ಹಾಕಿದೆವು.

ಚಪ್ಪಲಿಯ ಸಂಗತಿ ಐದು ವರ್ಷದ ಕೂಸಿಗೆ ಹೇಗೆ ಗೊತ್ತಿರಬೇಕು? ಒಂದು ಮಧ್ಯಾಹ್ನ ನೆಗೆಣ್ಣಿಯ ಮಗ ಸ್ನಾನ ಮುಗಿಸಿ, ಒದ್ದೆ ಮೈಯಲ್ಲೇ ಬಂದು ಕೂಲರಿನ ಜಾಳಿಗೆ ಹಿಡಿದು ನಿಂತ. ಕೆಳಗೆ ನೀರು ಚಿಮುಕಿಸಿದ ಪರಸಿ ನೆಲ. ಹುಡುಗನ ಬಾಯಿಂದ ಶಬ್ದವೇ ಹೊರಡಲಿಲ್ಲ. ತಾಯಿ ಹಿಡಿದೆಳೆಯಲು ಓಡಿದಳು. ಅಷ್ಟರಲ್ಲಿ ಮಾವನವರು "ಮುಟ್ಟಬ್ಯಾಡ್ರಿ!" ಎಂದು ಕೂಗಿ ಮೇನ್ ಸ್ವಿಚ್ ಇಳಿಸಿದರು. ಹುಡುಗ ಕೆಳಗೆ ಬಿದ್ದ. ಅಂಗೈ ಸುಟ್ಟಿತ್ತು, ಒಂದು ರಾತ್ರಿ ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ದೇವರ ದಯೆ, ಉಳಿದ. ಮಾವನವರು ಹೊಲಕ್ಕೆ ಹೋಗಿದ್ದರೆ? ಅದನ್ನು ನೆನೆದರೆ ಇಂದಿಗೂ ನನ್ನ ಕೈಕಾಲು ತಣ್ಣಗಾಗುತ್ತದೆ. ಎಂಟು ದಿನ ಮೊದಲೇ ಕೂಲರ್ ನಮಗೆ ಹೇಳಿತ್ತು, ನಾವು ಕೇಳಲಿಲ್ಲ.

ತಪ್ಪು ಎಲ್ಲಿತ್ತು?

ಮರುದಿನ ಬಂದ ಎಲೆಕ್ಟ್ರಿಷಿಯನ್ ಎರಡು ತಪ್ಪು ತೋರಿಸಿದ. ಒಂದು, ಮೋಟಾರಿನ ವೈರು ತಗಡಿನ ಅಂಚಿಗೆ ಉಜ್ಜಿ ಉಜ್ಜಿ ಮೇಲಿನ ಸಿಪ್ಪೆ ಕಳೆದುಕೊಂಡಿತ್ತು. ಇನ್ನೊಂದು, ನಮ್ಮದೇ ಜಾಣತನ! ಮೂರು ಕಡ್ಡಿಯ ಪ್ಲಗ್ಗು ಎರಡು ತೂತಿನ ಬೋರ್ಡಿಗೆ ಹಿಡಿಸಲಿಲ್ಲವೆಂದು ಯಾರೋ ಮೇಲಿನ ದಪ್ಪ ಕಡ್ಡಿ ಕಿತ್ತು ಹಾಕಿದ್ದರು.

ಆ ದಪ್ಪ ಕಡ್ಡಿಯೇ ಅರ್ತಿಂಗ್. ಅದು ಉಳಿದೆರಡಕ್ಕಿಂತ ಉದ್ದವಾಗಿರುವುದೂ ಸುಮ್ಮನೆ ಅಲ್ಲ. ಪ್ಲಗ್ಗು ಚುಚ್ಚುವಾಗ ಅದೇ ಮೊದಲು ತಾಗಬೇಕು, ತೆಗೆಯುವಾಗ ಅದೇ ಕೊನೆಗೆ ಬಿಡಬೇಕು. ವೈರು ಬಿಚ್ಚಿ ತಗಡಿಗೆ ಕರೆಂಟು ಬಂದರೂ ಅದು ಆ ದಾರಿಯಲ್ಲಿ ನೆಲಕ್ಕಿಳಿದು, ಫ್ಯೂಸ್ ಹೋಗಿ ಕೂಲರ್ ನಿಲ್ಲುತ್ತದೆ. ಆ ದಾರಿ ಇಲ್ಲದಿದ್ದರೆ ಕರೆಂಟು ಕಾಯುತ್ತ ಕೂರುತ್ತದೆ, ಬರಿಗಾಲಿನಲ್ಲಿ ಬಂದು ಮುಟ್ಟಿದವರ ಮೈಯನ್ನೇ ದಾರಿ ಮಾಡಿಕೊಳ್ಳುತ್ತದೆ.

"ನಮ್ಮನೇಲಿ ಫ್ಯೂಸ್ ಇದೆ, ಎಂಸಿಬಿ ಇದೆ" ಎನ್ನಬೇಡಿ. ಅವು ಇರುವುದು ವೈರು ಸುಡದಿರಲಿ ಎಂದು. ಮನುಷ್ಯನನ್ನು ಕೊಲ್ಲಲು ಸಾಕಾಗುವಷ್ಟು ಸಣ್ಣ ಕರೆಂಟು ಅವುಗಳ ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೆಂದೇ ಆರ್‌ಸಿಸಿಬಿ ಎಂಬ ಬೇರೆ ಸ್ವಿಚ್ ಇದೆ. ಮನೆಬಳಕೆಗೆ 30 ಮಿಲಿ ಆಂಪಿಯರಿನದನ್ನು ಕೇಳಿ ಹಾಕಿಸಿ. ದುಡ್ಡು ಕೂಡಿಟ್ಟು ಬಂಗಾರದ ಎಳೆ ಮಾಡಿಸುತ್ತೇವೆ, ಇದೂ ಮನೆಯವರ ಕೊರಳ ತಾಯಿತ ಎಂದು ತಿಳಿಯಿರಿ.

ಇನ್ನೊಂದು ಮಾತು. ನಮ್ಮದು ಸುಣ್ಣಕಲ್ಲಿನ ನೆಲ. ಶಹಾಬಾದ್ ಪರಸಿಯೂ, ಕೋಡ್ಲಾ, ಸೇಡಂ, ವಾಡಿಯ ಸಿಮೆಂಟೂ ಈ ಕಲ್ಲಿನಿಂದಲೇ. ಕಲ್ಲು ನೆಲ ಕರೆಂಟನ್ನು ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆದ್ದರಿಂದ ಅರ್ತಿಂಗ್ ಗುಂಡಿ ಇದೆಯೇ, ಬೋರ್ಡಿನ ಮೇಲಿನ ತೂತಿಗೆ ನಿಜವಾಗಿ ಆ ವೈರು ಬಂದಿದೆಯೇ ಎಂದು ತಿಳಿದವರಿಂದ ಪರೀಕ್ಷೆ ಮಾಡಿಸಿ. ಬೇಸಿಗೆಯಲ್ಲಿ ಆ ಗುಂಡಿ ಒಣಗುತ್ತದೆ. ಆಗಾಗ ಒಂದೆರಡು ಕೊಡ ನೀರು ಹಾಕುತ್ತಿರಿ, ಪಾತ್ರೆ ತೊಳೆದ ನೀರಾದರೂ ಆದೀತು.

ಯುಗಾದಿಗೆ ಮೊದಲೇ ಮಾಡಿಸಿ

ಬಿಸಿಲು ಏರಿದ ಮೇಲೆ ಎಲೆಕ್ಟ್ರಿಷಿಯನ್ ಕೈಗೆ ಸಿಗುವುದಿಲ್ಲ. ಮೊದಲೇ ಕರೆಸಿ, ಪಕ್ಕದಲ್ಲಿ ನಿಂತು ಕೆಲಸ ಮಾಡಿಸಿಕೊಳ್ಳಿ. ಇಲಿ ಕಡಿದ ವೈರಿಗೆ ಟೇಪು ಸುತ್ತಿ ಬಿಡುವುದು ಬೇಡ, ಹೊಸ ವೈರೇ ಹಾಕಿಸಿ. ಎಲ್ಲ ಮುಗಿದ ಮೇಲೆ ಕೂಲರ್ ಓಡಿಸಿ ತಗಡಿಗೆ ಟೆಸ್ಟರ್ ಹಿಡಿಯಲು ಹೇಳಿ. ಅದರ ದೀಪ ಹೊತ್ತಿದರೆ ಕೆಲಸ ಮುಗಿದಿಲ್ಲವೆಂದೇ ಅರ್ಥ. ಫ್ಯಾನು ನಿಧಾನ ತಿರುಗುತ್ತಿದ್ದರೆ ಕೂಡಲೇ ಹೊಸ ಮೋಟಾರು ಎನ್ನಬೇಡಿ, ಬಹಳ ಸಲ ಕಂಡೆನ್ಸರ್ ಬದಲಿಸಿದರೆ ಸಾಕು.

ಉಳಿದದ್ದು ನಮ್ಮ ಕೈಯಲ್ಲೇ ಇದೆ:

ನೀರು ಹಾಕುವ ಮುಂಚೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗು ಕೀಳಬೇಕು. ಬೋರ್ಡಿನ ವೈರು ಅದಲುಬದಲಾಗಿದ್ದರೆ ಸ್ವಿಚ್ ಆರಿಸಿದರೂ ಒಳಗೆ ಕರೆಂಟು ಇದ್ದೇ ಇರುತ್ತದೆ.

ಕೂಲರ್ ಒಣ ಸ್ಟ್ಯಾಂಡಿನ ಮೇಲಿರಲಿ. ಎಕ್ಸ್‌ಟೆನ್ಷನ್ ಡಬ್ಬಿಯನ್ನು ನೆಲದ ಮೇಲೆ ಬಿಡಬೇಡಿ.

ನಮ್ಮ ಬೋರಿನ ನೀರಿನಲ್ಲಿ ಸುಣ್ಣದ ಅಂಶ ಹೆಚ್ಚು. ಹುಲ್ಲಿಗೂ ಪಂಪಿಗೂ ಬಿಳಿ ಪೊರೆ ಕಟ್ಟುತ್ತದೆ. ಹುಲ್ಲನ್ನು ಪ್ರತಿ ಬೇಸಿಗೆಗೆ ಹೊಸದು ಹಾಕಿ. ಪಂಪಿನ ಜಾಲರಿಯನ್ನು ಬಿಚ್ಚಿ ನಿಂಬೆರಸದ ನೀರಿನಲ್ಲಿ ನೆನೆಸಿ ಉಜ್ಜಿದರೆ ಪೊರೆ ಬಿಡುತ್ತದೆ.

ವಾರಕ್ಕೊಮ್ಮೆ ನೀರು ಚೆಲ್ಲಿ, ಟಬ್ಬಿನ ಗೋಡೆ ತಿಕ್ಕಿ ಒಣಗಿಸಿ. ಡೆಂಗ್ಯೂ ಸೊಳ್ಳೆ ಅಲ್ಲೇ ಮೊಟ್ಟೆ ಅಂಟಿಸಿರುತ್ತದೆ. ನೀರು ಬದಲಿಸಿದ ಮಾತ್ರಕ್ಕೆ ಮೊಟ್ಟೆ ಹೋಗುವುದಿಲ್ಲ.

ಕೂಲರ್ ಹಚ್ಚಿದಾಗ ಎದುರು ಕಿಟಕಿ ತೆರೆದಿಡಿ. ನೀರು ಆವಿಯಾಗುವುದರಿಂದಲೇ ಗಾಳಿ ತಂಪಾಗುವುದು. ಆ ಒದ್ದೆ ಗಾಳಿ ಹೊರಗೆ ಹೋಗದಿದ್ದರೆ ಕೋಣೆ ಉಗಿಯಲ್ಲಿಟ್ಟ ಕಡಬಿನ ಪಾತ್ರೆಯಾಗುತ್ತದೆ! ಮಾಳಿಗೆ ಮೇಲೆ ದಪ್ಪಗೆ ಬಿಳಿ ಸುಣ್ಣ ಬಳಿಸಿದರೆ ಕೂಲರಿಗೂ ಅಷ್ಟು ಕೆಲಸ ಕಡಿಮೆ.

ಆಪತ್ತು ಬಂದರೆ

ಯಾರಿಗಾದರೂ ಕರೆಂಟು ಹಿಡಿದರೆ ಬರಿಗೈಯಿಂದ ಮುಟ್ಟಬೇಡಿ. ಎಂಥ ತಾಯಿಕರುಳಿದ್ದರೂ ಆ ಒಂದು ಕ್ಷಣ ತಡೆದುಕೊಂಡು ಮೇನ್ ಇಳಿಸಿ, ಇಲ್ಲವೇ ಪ್ಲಗ್ಗು ಕಿತ್ತು ಹಾಕಿ. ಅದು ಆಗದಿದ್ದರೆ ಒಣ ನೆಲದಲ್ಲಿ ನಿಂತು, ಒಣ ಕಟ್ಟಿಗೆಯಿಂದ ದೂಡಿ. 108ಕ್ಕೆ ಫೋನ್ ಮಾಡಿಸಿ. ಉಸಿರಿಲ್ಲದಿದ್ದರೆ ಎದೆಯ ನಡುವೆ ಅಂಗೈಯಿಟ್ಟು, ನಿಮಿಷಕ್ಕೆ 100ರಿಂದ 120 ಸಲ, ಗಾಡಿ ಬರುವ ತನಕ ಗಟ್ಟಿಯಾಗಿ ಒತ್ತುತ್ತಿರಿ. ಎದ್ದು ಕೂತರೂ ಡಾಕ್ಟರಿಗೆ ತೋರಿಸದೆ ಬಿಡಬೇಡಿ. ಕಂಬದಿಂದ ಮೀಟರಿನ ತನಕ ಏನಾದರೂ ಕೆಟ್ಟಿದ್ದರೆ ನೀವು ಕೈ ಹಾಕದೆ ಜೆಸ್ಕಾಂನ 1912ಕ್ಕೆ ತಿಳಿಸಿ.

ನಿಮ್ಮ ಮನೆಯ ಮೇನ್ ಸ್ವಿಚ್ ಎಲ್ಲಿದೆ, ಹೇಗೆ ಇಳಿಸುವುದು ಎಂದು ನಿಮಗೆ ಗೊತ್ತೇ? ನನಗೆ ಆ ದಿನ ಗೊತ್ತಿರಲಿಲ್ಲ! ಅದು ಗಂಡಸರ ಕೆಲಸವೆಂದು ಬಿಟ್ಟಿದ್ದೆವು. ಮಧ್ಯಾಹ್ನದ ಹೊತ್ತು ಮನೆಯಲ್ಲಿ ಇರುವವರು ನಾವೇ ಅಲ್ಲವೇ? ಈ ಪುಟ ಮಡಚುವ ಮೊದಲು ಎದ್ದು ಹೋಗಿ ಒಮ್ಮೆ ನೋಡಿ ಬನ್ನಿ. ಅತ್ತೆಗೂ ಸೊಸೆಗೂ ದೊಡ್ಡ ಮಕ್ಕಳಿಗೂ ತೋರಿಸಿ. ಕೈ ಝುಮ್ಮೆಂದರೆ ಚಪ್ಪಲಿ ಹುಡುಕಬೇಡಿ, ಮೇನ್ ಇಳಿಸಿ ಪ್ಲಗ್ಗು ಕೀಳಿ.

ಮುಂದಿನ ಸಂಚಿಕೆಯಲ್ಲಿ ಬೇಸಿಗೆಯ ಸಂಡಿಗೆ, ಹಪ್ಪಳದ ಮಾತಾಡೋಣ. ಅಲ್ಲಿಯವರೆಗೆ ತಂಪಾಗಿರಿ, ಜೋಪಾನವಾಗಿರಿ.