ಸಾಲ ಮಾಡದವರ ತಲೆಯ ಮೇಲಿನ ಸಾಲ

ಒಬ್ಬರ ಆಧಾರ್ ಸಂಖ್ಯೆಯನ್ನೂ ಹೆಬ್ಬೆಟ್ಟಿನ ಗುರುತನ್ನೂ ಕದ್ದವನು ಎರಡು ಬಗೆಯ ವಂಚನೆ ನಡೆಸಬಲ್ಲ. ಅವರ ಖಾತೆಯಲ್ಲಿರುವ ಹಣವನ್ನು ತೆಗೆಯುವುದು ಒಂದು. ಅವರ ಹೆಸರಿನಲ್ಲಿ ಸಾಲ ಎತ್ತುವುದು ಇನ್ನೊಂದು. ಮೊದಲನೆಯದರಲ್ಲಿ ಇದ್ದ ದುಡ್ಡು ಹೋಗುತ್ತದೆ, ಎರಡನೆಯದರಲ್ಲಿ ಇಲ್ಲದ ಸಾಲ ಬಂದು ಕೂರುತ್ತದೆ. ಮೊದಲ ಬಗೆಯ ನಷ್ಟಕ್ಕೆ ಯಾರು ಹೊಣೆ ಎಂಬುದನ್ನು ದೇಶದ ಬ್ಯಾಂಕಿಂಗ್ ನಿಯಮಗಳು ಒಂದು ಮಟ್ಟಿಗೆ ಸ್ಪಷ್ಟಪಡಿಸಿವೆ. ಎರಡನೆಯದರ ವಿಷಯದಲ್ಲಿ, ತಾನು ಸಾಲ ಪಡೆದೇ ಇಲ್ಲವೆಂದು ತೋರಿಸಿಕೊಡುವ ಹೊರೆ ಇಂದಿಗೂ ವಂಚನೆಗೆ ಒಳಗಾದವರ ಹೆಗಲ ಮೇಲೆಯೇ ಇದೆ. ಬೆಂಗಳೂರಿನ ಸಂಬಳದಾರನಿಗೆ ಇದು ಕಿರಿಕಿರಿಯ ಸಂಗತಿಯಾದರೆ, ಮಧುಗಿರಿ ತಾಲ್ಲೂಕಿನ ಮಿಡಿಗೇಶಿಯಂಥ ಹೋಬಳಿಯ ಕೂಲಿಕಾರ ಕುಟುಂಬಕ್ಕೆ ಮುಂದಿನ ಹಂಗಾಮಿನ ಬಿತ್ತನೆಯ ಪ್ರಶ್ನೆಯಾಗಬಲ್ಲದು.

ಹಣ ಹೋಗುವ ಬಗೆಯನ್ನು ರಾಜ್ಯ 2023ರಲ್ಲಿ ಕಣ್ಣಾರೆ ಕಂಡಿತು. ಆಸ್ತಿ ನೋಂದಣಿಗಾಗಿ ಉಪನೋಂದಣಿ ಕಚೇರಿಗೆ ಹೋಗಿ ಬಂದಿದ್ದ ಮಂಗಳೂರಿನ ಹಲವರ ಖಾತೆಗಳಿಂದ, ಅವರು ಯಾರಿಗೂ ಒಟಿಪಿ ಹೇಳದಿದ್ದರೂ, ಯಾವ ಲಿಂಕನ್ನೂ ಒತ್ತದಿದ್ದರೂ, ಹಣ ಮಾಯವಾಯಿತು. ನೋಂದಣಿ ಇಲಾಖೆಯ ‘ಕಾವೇರಿ’ ವ್ಯವಸ್ಥೆಯಲ್ಲಿದ್ದ ಕ್ರಯಪತ್ರಗಳ ಪ್ರತಿಗಳಿಂದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆಗಳನ್ನು ಪಡೆದು, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಹಣ ತೆಗೆದರೆಂಬ ಆರೋಪದ ಮೇಲೆ ಪೊಲೀಸರು ಬಿಹಾರ ಮೂಲದವರನ್ನು ಬಂಧಿಸಿದರು. ಆ ಬಳಿಕವೇ ಕ್ರಯಪತ್ರಗಳ ಪ್ರತಿಗಳಲ್ಲಿ ಬೆರಳಚ್ಚನ್ನು ಮರೆಮಾಚುವ ಕ್ರಮಕ್ಕೆ ಸರ್ಕಾರ ಮುಂದಾದದ್ದು. ಈ ಪಾವತಿ ವ್ಯವಸ್ಥೆಗೆ ಬೇಕಾದದ್ದು ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ ಮತ್ತು ಬೆರಳು, ಅಷ್ಟೇ. ಬ್ಯಾಂಕ್ ಶಾಖೆ ದೂರವಿರುವ ಹಳ್ಳಿಗಳಲ್ಲಿ ವೃದ್ಧಾಪ್ಯ ವೇತನ, ಉದ್ಯೋಗ ಖಾತರಿಯ ಕೂಲಿ ಕೈಗೆ ಸಿಗುವುದು ಇದರಿಂದಲೇ ಆದ್ದರಿಂದ ವ್ಯವಸ್ಥೆಯನ್ನೇ ಬೇಡವೆನ್ನುವಂತಿಲ್ಲ. ಪಾಸ್‌ವರ್ಡ್ ಕಳೆದರೆ ಬದಲಿಸಬಹುದು, ಹೆಬ್ಬೆರಳನ್ನು ಬದಲಿಸಲಾಗದು, ತೊಡಕಿರುವುದು ಅಲ್ಲಿ.

ಇಂಥ ಪ್ರಕರಣಗಳಲ್ಲಿ ಗ್ರಾಹಕನ ಬೆನ್ನಿಗೆ ನಿಲ್ಲುವ ಒಂದು ತತ್ವವಿದೆ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ಗ್ರಾಹಕನ ತಪ್ಪಿಲ್ಲದೆ ಮೂರನೆಯವರಿಂದ ನಡೆದ ಅನಧಿಕೃತ ವಿದ್ಯುನ್ಮಾನ ವಹಿವಾಟನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಅವನ ಹೊಣೆ ಶೂನ್ಯ. ನಾಲ್ಕರಿಂದ ಏಳನೆಯ ದಿನದೊಳಗೆ ತಿಳಿಸಿದರೆ ಹೊಣೆಗೆ ಮಿತಿಯುಂಟು. ಇವೆರಡಕ್ಕಿಂತ ಮುಖ್ಯವಾದ ಸಾಲೊಂದು ಅದರಲ್ಲಿತ್ತು: ಗ್ರಾಹಕನೇ ಹೊಣೆ ಎಂಬುದನ್ನು ಸಾಬೀತುಪಡಿಸುವ ಭಾರ ಬ್ಯಾಂಕಿನದು. ಅಸ್ಸಾಮಿನ ಗ್ರಾಹಕರೊಬ್ಬರು ಕಳೆದುಕೊಂಡಿದ್ದ 94 ಸಾವಿರ ರೂಪಾಯಿ ಚಿಲ್ಲರೆ ಮೊತ್ತದ ಪ್ರಕರಣದಲ್ಲಿ ಸ್ಟೇಟ್ ಬ್ಯಾಂಕ್ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2025ರ ಜನವರಿಯಲ್ಲಿ ನ್ಯಾಯಾಲಯ ಗ್ರಾಹಕನ ಪರವಾಗಿಯೇ ನಿಂತಿತು.

ಇನ್ನು ಸಾಲದ ಕಡೆಗೆ ನೋಡಬೇಕು. ಸಾಲವನ್ನು ಬೇರೊಬ್ಬರ ಹೆಸರಿನಲ್ಲಿ ಎತ್ತಲು ಬೆರಳಚ್ಚಿನ ನಕಲು ತಯಾರಿಸುವ ಪಾಂಡಿತ್ಯವೂ ಬೇಕಿಲ್ಲ. 2022ರ ಫೆಬ್ರವರಿಯಲ್ಲಿ ‘ಧನಿ’ ಆ್ಯಪ್ ಮೂಲಕ ತಮ್ಮ ಪಾನ್ ಸಂಖ್ಯೆಯ ಮೇಲೆ ಯಾರೋ ಸಾಲ ಪಡೆದಿದ್ದಾರೆಂದು ದೇಶದ ಹಲವೆಡೆಯ ಜನ ದೂರಿದರು. ನಟಿ ಸನ್ನಿ ಲಿಯೋನ್ ಹೆಸರಿನಲ್ಲೂ 2,000 ರೂಪಾಯಿ ಸಾಲವೊಂದು ಹುಟ್ಟಿಕೊಂಡಿತ್ತು. ಅವರದು ಎಲ್ಲರೂ ಬಲ್ಲ ಹೆಸರಾದ್ದರಿಂದ ದಾಖಲೆ ಬೇಗ ಸರಿಹೋಯಿತು. ಕರ್ನಾಟಕದ ಹಳ್ಳಿಗಳಲ್ಲಿ ಇದೇ ಕೆಲಸ ಆ್ಯಪ್ ಇಲ್ಲದೆ, ಜೆರಾಕ್ಸ್ ಅಂಗಡಿಯ ನೆರವಿನಿಂದ ನಡೆಯುತ್ತದೆ. ಮಹಿಳಾ ಗುಂಪಿನ ಸಾಲಕ್ಕೆಂದು ಕೊಟ್ಟ ಆಧಾರ್ ಮತ್ತು ಮತದಾರರ ಚೀಟಿಯ ಪ್ರತಿ, ಒಂದು ಭಾವಚಿತ್ರ, ಒಂದು ಸಹಿ. ಇವು ಮಧ್ಯವರ್ತಿಯ ಕೈಚೀಲದಲ್ಲಿ ಉಳಿದರೆ ಎರಡನೆಯ ಸಂಸ್ಥೆಯಲ್ಲಿ ಎರಡನೆಯ ಸಾಲಕ್ಕೆ ಅರ್ಜಿ ಸಿದ್ಧವಾದಂತೆಯೇ. ಎಷ್ಟೋ ಸಲ ಮಧ್ಯವರ್ತಿ ಅಪರಿಚಿತನೂ ಅಲ್ಲ, ಅದೇ ಬೀದಿಯ ಸಂಘದ ಮುಖಂಡಳು. ‘ನಿನ್ನ ಹೆಸರಲ್ಲಿ ತೆಗೆದುಕೊಡು, ಕಂತು ನಾನು ಕಟ್ಟುತ್ತೇನೆ’ ಎಂಬ ಮಾತಿಗೆ ಒಪ್ಪಿ ಸಹಿ ಹಾಕಿದವರು ಒಂದು ಬಗೆ, ಸಹಿ ಹಾಕಿದ್ದೇ ಗೊತ್ತಿಲ್ಲದವರು ಇನ್ನೊಂದು ಬಗೆ. ಕಾನೂನಿನ ಕಣ್ಣಿಗೆ ಇವೆರಡೂ ಬೇರೆ ಬೇರೆ. ವಾರದ ಕಂತು ವಸೂಲಿಗೆ ಬಾಗಿಲ ಮುಂದೆ ನಿಲ್ಲುವವನಿಗೆ ಎರಡೂ ಒಂದೇ.

2025ರ ಜನವರಿಯಲ್ಲಿ ಕಿರುಸಾಲ ಸಂಸ್ಥೆಗಳ ಕಿರುಕುಳದ ವರದಿಗಳು ರಾಜ್ಯದ ಹಲವು ಜಿಲ್ಲೆಗಳಿಂದ ಒಂದರ ಮೇಲೊಂದು ಬಂದವು. ಊರು ಬಿಟ್ಟವರು, ಜೀವ ಕಳೆದುಕೊಂಡವರ ಸುದ್ದಿಗಳ ನಡುವೆ, ಇನ್ನಾರದೋ ಹೆಸರಿನಲ್ಲಿ ಸಾಲ ಎತ್ತಿದ ದೂರುಗಳೂ ಇದ್ದವು. ರಾಜ್ಯಪಾಲರು ಒಮ್ಮೆ ಹಿಂದಕ್ಕೆ ಕಳುಹಿಸಿದ್ದ ಸುಗ್ರೀವಾಜ್ಞೆಗೆ ಫೆಬ್ರವರಿ 12ರಂದು ಅಂಕಿತ ಬಿತ್ತು. ಮಾರ್ಚಿಯಲ್ಲಿ ವಿಧಾನಮಂಡಲ ಅದರ ಬದಲಿಗೆ ಮಸೂದೆಯನ್ನು ಅಂಗೀಕರಿಸಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ಆಗ ಗೃಹ ಖಾತೆ ಹೊಂದಿದ್ದ ಜಿ. ಪರಮೇಶ್ವರ ಕೊರಟಗೆರೆಯ ಶಾಸಕರು, ಸಹಕಾರ ಖಾತೆ ಹೊಂದಿದ್ದ ಕೆ.ಎನ್. ರಾಜಣ್ಣ ಮಧುಗಿರಿಯ ಶಾಸಕರು. ಅಂದರೆ ಪೊಲೀಸ್ ಠಾಣೆ ಮತ್ತು ಸಹಕಾರ ಸಂಘ, ಗ್ರಾಮೀಣ ಸಾಲದ ಈ ಎರಡೂ ಕೊನೆಗಳ ಹೊಣೆ ಮಿಡಿಗೇಶಿಯ ಆಸುಪಾಸಿನಲ್ಲೇ ಇತ್ತು. ಆದರೂ ಆ ಕಾನೂನಿನ ದೃಷ್ಟಿ ನೆಟ್ಟಿರುವುದು ವಸೂಲಿಯ ರೀತಿಯ ಮೇಲೆ. ವಸೂಲಿ ಮಾಡುವವನು ಸಭ್ಯನಾಗಿದ್ದು, ಸಾಲವೇ ಸುಳ್ಳಾಗಿದ್ದರೆ ಏನು ಎಂಬ ಪ್ರಶ್ನೆ ಅದರ ತಿರುಳಲ್ಲ.

ಈ ಪ್ರಶ್ನೆ ಬರಡು ಸೀಮೆಯಲ್ಲಿ ಹೆಚ್ಚು ಗಂಭೀರ. ಮಧುಗಿರಿ, ಶಿರಾ, ಪಾವಗಡ ತಾಲ್ಲೂಕುಗಳನ್ನು ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ಅತ್ಯಂತ ಹಿಂದುಳಿದವುಗಳ ಪಟ್ಟಿಗೆ ಸೇರಿಸಿತ್ತು. ಮಳೆ ನಂಬಿ ಕಡಲೆಕಾಯಿ ಬಿತ್ತುವ ಈ ಭಾಗದಲ್ಲಿ ಸಣ್ಣ ಸಾಲ ಐಷಾರಾಮವಲ್ಲ, ಬೀಜ, ಗೊಬ್ಬರ, ಕೊಳವೆಬಾವಿಯ ಮೋಟಾರು ಎಲ್ಲದರ ಮೂಲ. ರಿಸರ್ವ್ ಬ್ಯಾಂಕ್ 2022ರಲ್ಲಿ ಜಾರಿಗೆ ತಂದ ಕಿರುಸಾಲ ನಿಯಮಗಳಂತೆ ವಾರ್ಷಿಕ ಆದಾಯ 3 ಲಕ್ಷ ರೂಪಾಯಿ ಮೀರದ ಕುಟುಂಬದ ಎಲ್ಲ ಸಾಲಗಳ ತಿಂಗಳ ಕಂತು ಸೇರಿ ಆ ಕುಟುಂಬದ ತಿಂಗಳ ಆದಾಯದ ಅರ್ಧವನ್ನು ಮೀರುವಂತಿಲ್ಲ. ಕಿರುಸಾಲ ಸಂಸ್ಥೆಗಳ ಒಕ್ಕೂಟ ‘ಎಂಫಿನ್’ ಒಬ್ಬರಿಗೆ ಸಾಲ ಕೊಡಬಹುದಾದ ಸಂಸ್ಥೆಗಳ ಸಂಖ್ಯೆಯನ್ನು 2025ರಲ್ಲಿ ನಾಲ್ಕರಿಂದ ಮೂರಕ್ಕೆ ಇಳಿಸಿತು. ಬಡವರು ಸಾಲದ ಸುಳಿಗೆ ಬೀಳದಿರಲೆಂದು ಹಾಕಿದ ಈ ಎರಡು ಬೇಲಿಗಳೂ ಸುಳ್ಳು ಸಾಲವೊಂದು ನುಸುಳಿದೊಡನೆ ತಿರುಗುಮುರುಗಾಗುತ್ತವೆ. ಮೂರರಲ್ಲಿ ಒಂದು ಸ್ಥಾನವನ್ನು ವಂಚಕ ಆಕ್ರಮಿಸಿರುತ್ತಾನೆ, ಆದಾಯದ ಅರ್ಧದಲ್ಲಿ ಒಂದು ಪಾಲನ್ನು ಅವನ ಕಂತು ನುಂಗಿರುತ್ತದೆ. ನಿಜವಾದ ಅರ್ಜಿದಾರಳಿಗೆ ‘ನಿಮ್ಮ ಮಿತಿ ಮುಗಿದಿದೆ’ ಎಂಬ ಉತ್ತರ ಸಿಗುತ್ತದೆ, ಆಕೆ ಕೈಸಾಲದವನ ಮನೆಗೆ ನಡೆಯುತ್ತಾಳೆ.

ದಾಖಲೆಯನ್ನು ಸರಿಪಡಿಸಿಕೊಳ್ಳಲು ದಾರಿಯಿಲ್ಲವೆಂದಲ್ಲ. ಕ್ರೆಡಿಟ್ ಮಾಹಿತಿ ಕಂಪನಿಗಳ (ನಿಯಂತ್ರಣ) ಕಾಯ್ದೆ 2005ರದು. ಟ್ರಾನ್ಸ್‌ಯೂನಿಯನ್ ಸಿಬಿಲ್, ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಸಿಆರ್‌ಐಎಫ್ ಹೈ ಮಾರ್ಕ್ ಎಂಬ ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ತಪ್ಪಿದ್ದರೆ ದೂರು ಕೊಟ್ಟ 30 ದಿನದೊಳಗೆ ಇತ್ಯರ್ಥವಾಗಬೇಕು. 2024ರ ಏಪ್ರಿಲ್ 26ರಿಂದ ಜಾರಿಗೆ ಬಂದ ನಿಯಮದಂತೆ ತಡವಾದ ಪ್ರತಿ ದಿನಕ್ಕೆ ದೂರುದಾರರಿಗೆ 100 ರೂಪಾಯಿ ಪರಿಹಾರ. ವರದಿಯನ್ನು ಯಾರಾದರೂ ತೆಗೆದು ನೋಡಿದರೆ ಎಸ್‌ಎಂಎಸ್ ಅಥವಾ ಇ-ಮೇಲ್ ಮೂಲಕ ತಿಳಿಸುವ ಕಟ್ಟಳೆಯೂ ಅದರೊಂದಿಗೆ ಬಂತು. ಕಾಗದದ ಮೇಲೆ ಇದೊಂದು ಒಳ್ಳೆಯ ಏರ್ಪಾಡು.

ತೊಡಕು ಆಚರಣೆಯ ಒಳಸುತ್ತಿನಲ್ಲಿದೆ. ಸಾಲ ಕೊಟ್ಟ ಸಂಸ್ಥೆ ದೃಢಪಡಿಸದೆ ಕ್ರೆಡಿಟ್ ಮಾಹಿತಿ ಕಂಪನಿ ದಾಖಲೆಯನ್ನು ತಿದ್ದುವುದಿಲ್ಲ. ಆದ್ದರಿಂದ ದೂರು ತಿರುಗಿ ಸೇರುವುದು ಗುರುತನ್ನು ಸರಿಯಾಗಿ ಪರಿಶೀಲಿಸದೆ ಸಾಲ ಕೊಟ್ಟ ಅದೇ ಸಂಸ್ಥೆಯ ಮೇಜಿಗೆ. ತನ್ನ ಪರಿಶೀಲನೆ ತಪ್ಪಿತ್ತೆಂದು ಒಪ್ಪಿದರೆ ಸಾಲದ ಮೊತ್ತ ಅದರ ಲೆಕ್ಕದಲ್ಲಿ ನಷ್ಟವಾಗುತ್ತದೆ. ‘ದಾಖಲೆಗಳು ಸರಿಯಾಗಿವೆ’ ಎಂದರೆ ಆಗುವುದಿಲ್ಲ. ಯಾವ ಉತ್ತರ ಸುಲಭವೆಂದು ಊಹಿಸುವುದು ಕಷ್ಟವಲ್ಲ. ಇನ್ನು ಎಸ್‌ಎಂಎಸ್ ವಿಚಾರ: ಸುಳ್ಳು ಅರ್ಜಿಯಲ್ಲಿ ವಂಚಕ ತನ್ನದೇ ಮೊಬೈಲ್ ಸಂಖ್ಯೆ ಬರೆದಿದ್ದರೆ ಎಚ್ಚರಿಕೆಯೂ ಅವನಿಗೇ ತಲುಪಬಹುದು. ಹೀಗಾಗಿ ಸಾಲ ಸುಸ್ತಿಯಾಗಿ ವಸೂಲಿಗಾರ ಬರುವವರೆಗೆ ಮಿಡಿಗೇಶಿಯ ಮಹಿಳೆಗೆ ತನ್ನ ಹೆಸರಿನಲ್ಲೊಂದು ಸಾಲವಿದೆಯೆಂಬುದೇ ಗೊತ್ತಾಗದಿರುವ ಸಾಧ್ಯತೆ ಹೆಚ್ಚು. ಅಷ್ಟರಲ್ಲಿ ಮೂರು ಕೆಲಸದ ದಿನಗಳ ಮಾತು ಎಲ್ಲಿಯದು?

ಕ್ರಿಮಿನಲ್ ಕಾನೂನು ಕಠಿಣವಾಗಿಯೇ ಕಾಣುತ್ತದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರಲ್ಲಿ ತಂದ ತಿದ್ದುಪಡಿ 2009ರ ಅಕ್ಟೋಬರ್ 27ರಿಂದ ಜಾರಿಯಾಗಿ, 66ಸಿ ಕಲಮಿನ ಮೂಲಕ ಗುರುತಿನ ಕಳವನ್ನು ಪ್ರತ್ಯೇಕ ಅಪರಾಧವಾಗಿಸಿತು; 3 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ. ಭಾರತೀಯ ನ್ಯಾಯ ಸಂಹಿತೆಯ 319ನೇ ಕಲಮು ವೇಷಾಂತರದ ವಂಚನೆಗೆ 5 ವರ್ಷದವರೆಗೆ ಶಿಕ್ಷೆ ಹೇಳುತ್ತದೆ. ಆದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 78ನೇ ಕಲಮಿನಂತೆ ತನಿಖೆ ನಡೆಸುವವರು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರಾಗಿರಬಾರದು. ಹೋಬಳಿ ಮಟ್ಟದ ಠಾಣೆಗಳ ಹೊಣೆ ಸಾಮಾನ್ಯವಾಗಿ ಸಬ್ ಇನ್‌ಸ್ಪೆಕ್ಟರರದು. ಕಡತ ಮೇಲಕ್ಕೆ, ಬಹುಮಟ್ಟಿಗೆ ತುಮಕೂರಿನ ಸಿಇಎನ್ ಠಾಣೆಗೆ ಸಾಗುತ್ತದೆ. ದೂರುದಾರಳೂ ಬಸ್ಸು ಹತ್ತಬೇಕು, ಪ್ರತಿ ಸಲಕ್ಕೆ ಒಂದು ದಿನದ ಕೂಲಿ ಬಿಡಬೇಕು. ಆಧಾರ್ ಕಾಯ್ದೆಯ ಕಥೆ ಇದಕ್ಕಿಂತ ವಿಚಿತ್ರ. 2016ರಲ್ಲಿ ರೂಪುಗೊಂಡಾಗ ಅದರಡಿಯ ಅಪರಾಧಗಳಿಗೆ ನ್ಯಾಯಾಲಯದಲ್ಲಿ ದೂರು ಕೊಡುವ ಅಧಿಕಾರ ಇದ್ದದ್ದು ಪ್ರಾಧಿಕಾರಕ್ಕೆ ಮಾತ್ರ. ಯಾರ ಗುರುತು ಕಳವಾಯಿತೋ ಅವರಿಗೆ ಕೆಲವು ಅಪರಾಧಗಳ ಮಟ್ಟಿಗೆ ಆ ಹಕ್ಕು ದೊರೆತದ್ದು 2019ರ ತಿದ್ದುಪಡಿಯಿಂದ.

ಜೆರಾಕ್ಸ್ ಪ್ರತಿಯ ಅಪಾಯ ಸರ್ಕಾರಕ್ಕೆ ತಿಳಿಯದ್ದೇನಲ್ಲ. ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ 2022ರ ಮೇ 27ರಂದು, ಆಧಾರ್ ಪ್ರತಿಯನ್ನು ಕಂಡಕಂಡವರಿಗೆ ಕೊಡಬೇಡಿ, ಸಂಖ್ಯೆ ಮರೆಮಾಚಿದ ಪ್ರತಿ ಬಳಸಿ ಎಂದು ಪ್ರಕಟಣೆ ಹೊರಡಿಸಿತು. ಜನ ತಪ್ಪು ತಿಳಿಯಬಹುದೆಂಬ ಕಾರಣ ನೀಡಿ ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯಿಂದ 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ಸಾರಲ್ಪಟ್ಟ ದೇಶದಲ್ಲಿ, ಬೆಂಗಳೂರಿನ ಕಚೇರಿಯೊಂದರ ಈ ಸರಳ ಸಲಹೆಗೆ ಎರಡು ದಿನದ ಆಯುಸ್ಸು.

ಅಮೆರಿಕದಲ್ಲಿ ಗುರುತಿನ ಕಳವು 1998ರಿಂದಲೇ ಫೆಡರಲ್ ಅಪರಾಧ. ಆದರೆ ಅಲ್ಲಿಂದ ಕಲಿಯಬೇಕಾದದ್ದು ಶಿಕ್ಷೆಯ ಪ್ರಮಾಣವನ್ನಲ್ಲ. ಗುರುತಿನ ಕಳವಿನ ವರದಿ ಮತ್ತು ಅಗತ್ಯ ವಿವರ ಸಲ್ಲಿಸಿದ ನಾಲ್ಕು ಕೆಲಸದ ದಿನಗಳೊಳಗೆ ಕ್ರೆಡಿಟ್ ಕಂಪನಿ ಸುಳ್ಳು ನಮೂದನ್ನು ತಡೆಹಿಡಿಯಬೇಕೆಂಬ ನಿಯಮ ಅಲ್ಲಿದೆ. 2018ರ ಸೆಪ್ಟೆಂಬರ್‌ನಿಂದ ಯಾರು ಬೇಕಾದರೂ ತಮ್ಮ ಕ್ರೆಡಿಟ್ ಕಡತಕ್ಕೆ ಖರ್ಚಿಲ್ಲದೆ ಬೀಗ ಹಾಕಿಸಬಹುದು. ಬೀಗ ತೆಗೆಯುವವರೆಗೆ ಹೊಸ ಸಾಲಗಾರ ಸಂಸ್ಥೆಗೆ ಆ ಕಡತ ಸಿಗದು, ಸಾಲವೂ ಹುಟ್ಟದು. ಭಾರತದ 2005ರ ಕಾಯ್ದೆ ಇಂಥ ಬೀಗದ ಹಕ್ಕನ್ನು ಕೊಟ್ಟಿಲ್ಲ. ತಂತ್ರಜ್ಞಾನ ಇಲ್ಲವೆಂಬ ನೆಪಕ್ಕೂ ಜಾಗವಿಲ್ಲ, ಏಕೆಂದರೆ ಆಧಾರ್‌ನ ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯ ಇಲ್ಲಿ ಬಹುಕಾಲದಿಂದ ಇದೆ. ಬೆರಳಿಗೆ ಬೀಗ ಹಾಕಬಲ್ಲ ವ್ಯವಸ್ಥೆ ಸಾಲದ ಕಡತಕ್ಕೆ ಹಾಕಲಾರದೆ? ಇದರ ಜೊತೆಗೆ, 2017ರ ಸುತ್ತೋಲೆ ಠೇವಣಿಯ ವಿಷಯದಲ್ಲಿ ಹೇಳಿದ ಮಾತನ್ನೇ ಸಾಲಕ್ಕೂ ವಿಸ್ತರಿಸಿ, ಸಾಲ ಪಡೆದವರು ಇವರೇ ಎಂದು ತೋರಿಸುವ ಭಾರ ಸಾಲ ಕೊಟ್ಟವರದು ಎಂದರೆ ಸಾಕು, ಜೆರಾಕ್ಸ್ ಪ್ರತಿಯ ಮೇಲೆ ಸಾಲ ಹಂಚುವ ಆತುರ ತಾನಾಗಿ ಇಳಿಯುತ್ತದೆ. ಈ ಎರಡೂ ಕೆಲಸ ರಿಸರ್ವ್ ಬ್ಯಾಂಕ್ ಮತ್ತು ಕೇಂದ್ರ ಸರ್ಕಾರದ ಕೈಯಲ್ಲಿವೆ. ಗ್ರಾಮ ಒನ್ ಕೇಂದ್ರಗಳಲ್ಲಿ ಕ್ರೆಡಿಟ್ ವರದಿಯನ್ನು ಕನ್ನಡದಲ್ಲಿ ಓದಿ ಹೇಳುವ, ದೂರು ಬರೆದುಕೊಡುವ ಏರ್ಪಾಡನ್ನು ರಾಜ್ಯ ಸರ್ಕಾರವೇ ಮಾಡಬಹುದು.

ಈಗಿರುವ ದಾರಿಗಳಲ್ಲಿ ಹಳ್ಳಿಯವರಿಗೆ ಹತ್ತಿರವಾದದ್ದು ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ಪ್ರಕರಣ ಹೂಡಬಹುದು; ಸಂಸ್ಥೆಯ ಕಚೇರಿ ಮುಂಬೈಯಲ್ಲಿದ್ದರೂ ವಿಚಾರಣೆ ತುಮಕೂರಿನಲ್ಲಿ. ಕ್ರೆಡಿಟ್ ಮಾಹಿತಿ ಕಂಪನಿಗಳನ್ನು 2022ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ವ್ಯಾಪ್ತಿಗೆ ತಂದದ್ದೂ ಉಪಯುಕ್ತ ಹೆಜ್ಜೆ. ಹಣ ಹೋದ ಕ್ಷಣವೇ 1930ಕ್ಕೆ ಕರೆ ಮಾಡಿದರೆ ಅದನ್ನು ಮಾರ್ಗಮಧ್ಯೆ ತಡೆಯುವ ಸಾಧ್ಯತೆಯೂ ಇದೆ, ಆದರೆ ಅದು ಮತ್ತೆ ಠೇವಣಿ ಕಳೆದುಕೊಂಡವರ ರಕ್ಷಣೆ.

ಮಾಹಿತಿ ಸೋರಲು ಬಿಟ್ಟ ಸಂಸ್ಥೆಯಿಂದ ಪರಿಹಾರ ಕೇಳುವ ಹಕ್ಕು ಮಾತ್ರ ಕಿರಿದಾಗುವ ಹಾದಿಯಲ್ಲಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಮು ನಿರ್ಲಕ್ಷ್ಯದಿಂದ ಮಾಹಿತಿ ಕಳೆದ ಸಂಸ್ಥೆ ನೊಂದವರಿಗೆ ಪರಿಹಾರ ಕೊಡಬೇಕೆನ್ನುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಈ ಕಲಮನ್ನು ತೆಗೆದುಹಾಕುತ್ತದೆ. ಹೊಸ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಸಂಸ್ಥೆಗಳ ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರಲು 18 ತಿಂಗಳ ಅವಧಿ ಇಡಲಾಗಿದೆ. ಅದರಡಿ ತಪ್ಪಿತಸ್ಥ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು, ಆದರೆ ಆ ಹಣ ಸೇರುವುದು ಭಾರತದ ಸಂಚಿತ ನಿಧಿಗೆ. ಯಾರ ಮಾಹಿತಿ ಹೋಯಿತೋ ಅವರ ಖಾತೆಗೆ ಅದರಿಂದ ಒಂದು ರೂಪಾಯಿಯೂ ಬರುವುದಿಲ್ಲ.