ಸಾಲ್ಸಾ ಕಾಲಿಗಷ್ಟೇ ಅಲ್ಲ, ಕಿವಿಗೂ

ಸಾಲ್ಸಾ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರ ಕಣ್ಮುಂದೆ ಬರುವುದು ಬೆಂಗಳೂರಿನ ಡ್ಯಾನ್ಸ್ ಕ್ಲಾಸು, ರಿಯಾಲಿಟಿ ಶೋಗಳ ಮಿರುಗುವ ಬಟ್ಟೆ, ಗಿರಗಿರನೆ ತಿರುಗುವ ಜೋಡಿ. ಹಳ್ಳಿಗಳಿಂದ ಬಂದ ನಮಗೂ ಅದು ಉಳ್ಳವರ ವಾರಾಂತ್ಯದ ಮೋಜು ಎಂದೇ ಅನಿಸಿತ್ತು. ಹಾಡುಗಳಿಗೆ ಕಿವಿ ಕೊಟ್ಟ ಮೇಲೆ ಆ ಅಭಿಪ್ರಾಯ ಉಳಿಯಲಿಲ್ಲ. ಸಾಲ್ಸಾವನ್ನು ಬರೀ ಹೆಜ್ಜೆಗೆ ಇಳಿಸಿ ನಾವು ಅದರ ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಳ್ಳುತ್ತಿದ್ದೇವೆ ಎಂಬುದು ನಮ್ಮ ವಾದ.

ಮೊದಲು ಸದ್ದಿನ ಮಾತು. ಎರಡು ಗಟ್ಟಿ ಮರದ ಕೋಲುಗಳನ್ನು ಒಂದಕ್ಕೊಂದು ತಾಗಿಸಿ ಬಾರಿಸುವ ಐದು ಪೆಟ್ಟುಗಳಲ್ಲಿ ಈ ಸಂಗೀತದ ಗುಟ್ಟಿದೆ. ಒಂದು ಪಾಲಿಗೆ ಮೂರು, ಇನ್ನೊಂದು ಪಾಲಿಗೆ ಎರಡು. ಇದೇ ಕ್ಲಾವೆ. ಕೋಲಿನ ಸದ್ದು ಕೇಳಿಸದ ಹಾಡಿನಲ್ಲೂ ಕಾಂಗಾ, ಪಿಯಾನೊ, ಟ್ರೊಂಬೋನ್‌ಗಳೆಲ್ಲ ಆ ಲೆಕ್ಕಕ್ಕೇ ಬದ್ಧ. ಬಾಸ್‌ನ ಆಟ ಇನ್ನೂ ಮಜಾ. ಮೊದಲ ಪೆಟ್ಟಿಗೆ ಬೀಳಬೇಕಾದ ಸ್ವರ ಸ್ವಲ್ಪ ಮುಂಚೆಯೇ ಬಂದು ಹೋಗಿರುತ್ತದೆ. ನಾವು ಕಾಯುವ ಜಾಗ ಖಾಲಿ. ಆ ಖಾಲಿಯನ್ನು ತುಂಬಲೆಂದೇ ಮೈ ತಾನಾಗಿ ಅಲುಗುತ್ತದೆ. ಹಾಡಿನ ಕೊನೆಯರ್ಧದಲ್ಲಿ ಹಿಮ್ಮೇಳ ಒಂದೇ ಸಾಲನ್ನು ಮತ್ತೆ ಮತ್ತೆ ಹೇಳುತ್ತದೆ, ಗಾಯಕ ಪ್ರತಿ ಸಲವೂ ಹೊಸ ಮಾತು ಕಟ್ಟಿ ಉತ್ತರ ಕೊಡುತ್ತಾನೆ. ಎಕ್ಟರ್ ಲಾವೊ, ಸೆಲಿಯಾ ಕ್ರೂಸ್ ಹೆಸರು ಮಾಡಿದ್ದು ಈ ಆಶು ಚಾತುರ್ಯದಿಂದಲೂ ಹೌದು.

ಈ ಸದ್ದಿನ ತಾಯಿಬೇರು ಇರುವುದು ಕ್ಯೂಬಾದ 'ಸೋನ್' ಸಂಗೀತದಲ್ಲಿ. 1940ರ ದಶಕದಲ್ಲಿ ಅಂಧ ವಾದಕ ಆರ್ಸೆನಿಯೊ ರೋಡ್ರಿಗಸ್ ತನ್ನ ತಂಡಕ್ಕೆ ಕಾಂಗಾ, ಪಿಯಾನೊ, ಹೆಚ್ಚಿನ ಟ್ರಂಪೆಟ್‌ಗಳನ್ನು ಸೇರಿಸಿ ಇದಕ್ಕೆ ಹೊಸ ಮೈಕಟ್ಟು ಕೊಟ್ಟ. ಅದನ್ನು ಸಾಲ್ಸಾ ಮಾಡಿದ್ದು ನ್ಯೂಯಾರ್ಕ್‌ನ ವಲಸಿಗರ ಬೀದಿಗಳು. ಪೋರ್ಟೊ ರಿಕೊದಿಂದ ದುಡಿಯಲು ಬಂದವರ ಮಕ್ಕಳು ಬ್ರಾಂಕ್ಸ್‌ನಲ್ಲಿ, ಈಸ್ಟ್ ಹಾರ್ಲೆಮ್‌ನಲ್ಲಿ ಅದನ್ನು ತಮ್ಮದಾಗಿಸಿಕೊಂಡರು. 1964ರಲ್ಲಿ ಶುರುವಾದ ಫಾನಿಯಾ ಕಂಪನಿ ಅದನ್ನು ಜಗತ್ತಿಗೆ ಮಾರಿತು. ಸ್ಪ್ಯಾನಿಷ್‌ನಲ್ಲಿ ಸಾಲ್ಸಾ ಎಂದರೆ ಸಾರು, ಗೊಜ್ಜಿನಂಥದ್ದು. ಮಾರುಕಟ್ಟೆಗೆ ಹೇಳಿ ಮಾಡಿಸಿದ ಹೆಸರು. ಆದರೆ ಆ ಹೆಸರಿನ ಹಿಂದೆ ಕ್ಯೂಬಾ ಮರೆಯಾಯಿತು ಎಂಬ ದೂರು ಇಂದಿಗೂ ಇದೆ, ಅದು ನ್ಯಾಯವೂ ಹೌದು. ಆರ್ಸೆನಿಯೊ ತೀರಿಕೊಂಡದ್ದು 1970ರಲ್ಲಿ. ಮರುವರ್ಷವೇ ಫಾನಿಯಾದ ತಾರೆಯರು ನ್ಯೂಯಾರ್ಕ್‌ನ ಚೀತಾ ಕ್ಲಬ್ಬಿನಲ್ಲಿ ನೀಡಿದ ಕಛೇರಿಯಿಂದ ಸಾಲ್ಸಾದ ಸುಗ್ಗಿ ಶುರುವಾಯಿತು. ಬೆಳೆದವನೊಬ್ಬ, ಉಂಡವರು ಬೇರೆ.

ಪತ್ರಿಕೋದ್ಯಮ ಓದಿದ ನಮ್ಮನ್ನು ಹಿಡಿದು ನಿಲ್ಲಿಸಿದ್ದು 1978ರ 'ಸಿಯೆಂಬ್ರಾ' ಆಲ್ಬಂ. ಸಿಯೆಂಬ್ರಾ ಅಂದರೆ ಬಿತ್ತನೆ. ವಿಲ್ಲಿ ಕೊಲೋನ್ ಮತ್ತು ಪನಾಮಾದ ರುಬೆನ್ ಬ್ಲೇಡ್ಸ್ ಸೇರಿ ಮಾಡಿದ್ದು. ಅದರಲ್ಲಿ 'ಪೆದ್ರೊ ನವಾಹಾ' ಎಂಬ ಏಳು ನಿಮಿಷ ದಾಟುವ ಹಾಡಿದೆ. ಚೂರಿ ಹಿಡಿದ ಪುಂಡ, ಬೀದಿಯಲ್ಲಿ ಬದುಕುವ ಹೆಣ್ಣು ಒಬ್ಬರನ್ನೊಬ್ಬರು ಕೊಂದು ಬೀಳುತ್ತಾರೆ. ದಾರಿಯಲ್ಲಿ ಬಂದ ಕುಡುಕನೊಬ್ಬ ಅವರ ದುಡ್ಡು ಎತ್ತಿಕೊಂಡು ಹಾಡುತ್ತ ಹೋಗುತ್ತಾನೆ. ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲಿನ ಅಪರಾಧ ಸುದ್ದಿಯಾಗಿ ಮುಗಿಯಬಹುದಾದ ಸಂಗತಿ ಅಲ್ಲಿ ಇಡೀ ಬೀದಿಯ ಕಥೆಯಾಗಿದೆ. ಜನ ಅದಕ್ಕೆ ಕುಣಿದರು, ಕುಣಿಯುತ್ತಲೇ ಕೇಳಿಸಿಕೊಂಡರು. ಗಂಭೀರ ವಿಷಯವೆಂದರೆ ನೀರಸವಾಗಿಯೇ ಹೇಳಬೇಕು ಎಂದುಕೊಂಡಿರುವ ನಮ್ಮಂಥವರಿಗೆ ಇದೊಂದು ಪಾಠ.

ಡ್ಯಾನ್ಸ್ ಕ್ಲಾಸಿಗೆ ಹೋಗುವವರನ್ನು ನಾವು ಬೇಡ ಅನ್ನುತ್ತಿಲ್ಲ, ಕುಣಿಯಲೆಂದೇ ಹುಟ್ಟಿದ ಸಂಗೀತವಿದು. ಒಂದು ಸಲ ಮಾತ್ರ ಕೂತು ಕೇಳಿ. ಮೊದಲು ಆ ಐದು ಪೆಟ್ಟು ಹುಡುಕಿ, ಆಮೇಲೆ ಬಾಸ್ ಹಿಂದೆ ಹೋಗಿ, ಕೊನೆಗೆ ಮಾತಿನ ಅರ್ಥ ತಿಳಿದುಕೊಳ್ಳಿ. ಬಳಿಕ ಕುಣಿದರೆ ಯಾರ ಬದುಕಿಗೆ ಹೆಜ್ಜೆ ಹಾಕುತ್ತಿದ್ದೀರಿ ಎಂಬುದಾದರೂ ಗೊತ್ತಿರುತ್ತದೆ.